ಇಪ್ಪತ್ತೆಂಟು ಡಿಗ್ರಿ

ಫೆಬ್ರವರಿ 9

ಅಣ್ಣ,

ಗೇಟಿನಲ್ಲೇ ನಿನ್ನ ಫೋನು ಇಸಿದುಕೊಂಡು ಡಬ್ಬದಲ್ಲಿ ಬೀಗ ಹಾಕಿಟ್ಟರೆಂದು ಬರೆದಿದ್ದೆಯಲ್ಲ, ಅಮ್ಮ ಅದನ್ನು ಇನ್ನೂ ನಂಬಿಲ್ಲ. “ಫೋನಿಲ್ಲದ ಕೆಲಸ ಅಂದ್ರೆ ಜೈಲೇ ಇರ್ಬೇಕು. ನಿಮ್ಮಣ್ಣ ಏನೋ ಮುಚ್ಚಿಡ್ತಿದಾನೆ” ಎನ್ನುತ್ತಾಳೆ. ಆಂಟೆನಾ ಆಕಾಶದ ಸಣ್ಣ ದನಿ ಕೇಳಿಸಿಕೊಳ್ಳಬೇಕು, ಹತ್ತಿರದಲ್ಲಿ ಫೋನಿದ್ದರೆ ಸಂತೆಯಲ್ಲಿ ಪಿಸುಮಾತು ಕೇಳಿದ ಹಾಗಾಗುತ್ತದೆ ಎಂದು ವಿವರಿಸಿದೆ. “ಹಂಗಾದ್ರೆ ನಮ್ಮ ಪಕ್ಕದ ಮನೆಯವಳನ್ನ ಆ ಕಡೆ ಬಿಡ್ಬೇಡಿ ಅಂತ ಬರಿ” ಎಂದಳು. ಬರೆದಿದ್ದೇನೆ.

ಈ ವಾರ ನಮ್ಮ ಕೋಣೆಯಲ್ಲಿ ಉಪಗ್ರಹದ ಪೆಟ್ಟಿಗೆಗಳಿಗೆ ಮೇಣ ತುಂಬಿದೆವು. ಆರು ಅಲ್ಯುಮಿನಿಯಂ ಪೆಟ್ಟಿಗೆಗಳು, ಒಂದೊಂದೂ ನೋಟುಪುಸ್ತಕದಷ್ಟು. ಸಮುದ್ರದ ಶಾಖ ಅಳೆದು ಬಿರುಗಾಳಿಯ ಸುಳಿವು ಕೊಡುವ ಕಣ್ಣೊಂದು ಆ ಉಪಗ್ರಹದಲ್ಲಿದೆ. ಕೆಲಸ ಮಾಡುವಾಗ ಅದು ಕಾದು ಬಿಸಿಯಾಗುತ್ತದೆ. ಆ ಕಾವನ್ನೆಲ್ಲ ಕುಡಿದು ಮೇಣ ಕರಗುತ್ತದೆ. ಉಪಗ್ರಹ ನೆರಳಿಗೆ ಹೋದಾಗ ಗಟ್ಟಿಯಾಗುತ್ತ ಕುಡಿದದ್ದನ್ನು ವಾಪಸು ಕೊಡುತ್ತದೆ. ಹಾಗಾಗಿ ಬ್ಯಾಟರಿಯೇ ಮೊದಲಾದ ಒಳಗಿನ ಸಾಮಾನು ಸುಡುವುದೂ ಇಲ್ಲ, ಸೆಡೆತು ಹೋಗುವುದೂ ಇಲ್ಲ. ನಮ್ಮ ಕೋಣೆಯ ಮೇಲ್ವಿಚಾರಕಿಯನ್ನು ನಾವು ತೂಕದಕ್ಕ ಎನ್ನುತ್ತೇವೆ, ತಕ್ಕಡಿ ಬಿಟ್ಟು ಕದಲುವುದಿಲ್ಲ. ಅವರು ಹೇಳಿದ್ದು: “ಈ ಮೇಣ ಮನೆ ಹಿರೀಸೊಸೆ ಇದ್ದಂಗೆ ಕಣ್ರೇ. ಎಲ್ಲರ ಸಿಟ್ಟೂ ನುಂಗ್ಬೇಕು, ತಾನು ಮಾತ್ರ ಬಿಸಿ ಆಗ್ಬಾರ್ದು.”

ನಾಲ್ಕನೇ ಪೆಟ್ಟಿಗೆ ಪೂರ್ತಿ ನನ್ನದು. ಬಿಸಿ ಮೇಣ ಹುಯ್ದು, ತೂಗಿಸಿ, ಚೀಟಿಗೆ ಹೆಬ್ಬೆಟ್ಟು ಒತ್ತಿದೆ. ತುಂಬಿದವರ ಗುರುತು ಇಲ್ಲಿ ಅದೇ. ಮರುದಿನ ಬೆಳಿಗ್ಗೆ ಮುಚ್ಚಳ ಬೆಸೆಯುವವನು ಬರುವ ಮೊದಲು ಒಳಗೆ ಇಣುಕಿದರೆ, ಮೇಣ ತಣಿದು ನಡುವೆ ಕುಳಿ ಬಿದ್ದಿದೆ! ಅಪ್ಪ ಇದ್ದಿದ್ದರೆ ಏನನ್ನುತ್ತಿದ್ದ ಹೇಳು. “ಕುಳಿ ಬಿದ್ದ ಮೇಣದಬತ್ತಿ ಮಾರೋದು, ಹಸಿದವನ ಮುಂದೆ ಅರ್ಧ ತಟ್ಟೆ ಇಟ್ಟಂಗೆ.” ಕೈ ಸುಮ್ಮನಿರಲಿಲ್ಲ. ಉಳಿದ ಮೇಣ ಬಿಸಿ ಮಾಡಿ ಎರಡು ಚಮಚ ಹುಯ್ದೆ. ಅಂಚಿಗೆ ಸಮ, ಅಪ್ಪನ ಮೇಣದಬತ್ತಿಯ ಬುಡದಷ್ಟು ನಯ. ಬೇರೆ ಐದರಲ್ಲೂ ಕುಳಿ ಹಾಗೇ ಇದೆ. ಅಪ್ಪನ ಮಾನ ಉಳಿಸಿದ್ದು ನನ್ನದೊಂದೇ. ಜಂಬ ಅನ್ನುತ್ತಾರೆಂದು ಇಲ್ಲಿ ಯಾರಿಗೂ ಹೇಳಿಲ್ಲ.

ನಿನ್ನ ತಂಗಿ


ಫೆಬ್ರವರಿ 24

ಪುಟ್ಟಿ,

ನಿನ್ನ ಕಾಗದ ಮೂರು ಸಲ ಓದಿದೆ. ಅಪ್ಪನ ಕೈ ನಿನಗೆ ಬಂತು, ನನಗೆ ಬಂದದ್ದು ಅವನ ಮೂಗು ಮಾತ್ರ. ಅಚ್ಚಿನ ಮುಂದೆ ಕೂತು ಚಮಚ ಹಿಡಿದು ನೀನು ಕಾಯುತ್ತಿದ್ದದ್ದು ಕಣ್ಣಿಗೆ ಕಟ್ಟಿತು. ಐದನೇ ಕ್ಲಾಸು ಬಿಟ್ಟ ವರ್ಷ ನೀನು ಆ ಅಚ್ಚಿನಷ್ಟೇ ಎತ್ತರವಿದ್ದೆ.

ಆ ಉಪಗ್ರಹ ಮೇಲೆ ಹೋದ ಮೇಲೆ ನಾವೇ ಅದನ್ನು ಕೇಳಿಸಿಕೊಳ್ಳುವವರು. ಚಿತ್ರಗಳನ್ನು ದೊಡ್ಡ ಕೇಂದ್ರದವರು ಇಳಿಸಿಕೊಳ್ಳುತ್ತಾರೆ. ಅದರ ಮೈಬಿಸಿಯ ಅಂಕಿಗಳು ಮಾತ್ರ ನಮ್ಮ ಪಾಲು. ಯಂತ್ರ ಹಳೆಯದು, ತೋರಿಸುತ್ತದೆ, ಮರೆತುಬಿಡುತ್ತದೆ. ತೆರೆಯ ಮೇಲೆ ಬಂದ ಅಂಕಿಯನ್ನು ನಾನೊಬ್ಬನೇ ರಿಜಿಸ್ಟರಿಗೆ ಬರೆದು, ಪಾಳಿ ಮುಗಿದಾಗ ಗೋಡೆಯ ಫೋನಿನಲ್ಲಿ ದೊಡ್ಡ ಕೇಂದ್ರಕ್ಕೆ ಓದಿ ಹೇಳುತ್ತೇನೆ. ಅದರ ನೆನಪೆಲ್ಲ ನನ್ನ ಕೈಬರಹವೇ. ನಿನ್ನ ಪೆಟ್ಟಿಗೆ ಹುಷಾರಾಗಿದೆಯೋ ಇಲ್ಲವೋ ಲೋಕಕ್ಕೆ ಮೊದಲು ಹೇಳುವವನು ನಿಮ್ಮಣ್ಣ.

ಟಪಾಲು ವ್ಯಾನು ಹತ್ತು ದಿನಕ್ಕೊಮ್ಮೆ ಬರುತ್ತದೆ. ತಡವಾದರೆ ಅಮ್ಮನಿಗೆ ಜೈಲಿನ ಕಥೆ ಮುಂದುವರಿಸಲು ಬಿಡಬೇಡ.

ಅಣ್ಣ


ಮಾರ್ಚ್ 8

ಅಣ್ಣ,

ಆರೂ ಪೆಟ್ಟಿಗೆಗಳನ್ನು ಪರೀಕ್ಷೆಯ ಒಲೆಯಲ್ಲಿಟ್ಟು ಹತ್ತು ಸಲ ಕರಗಿಸಿ, ಹತ್ತು ಸಲ ಗಟ್ಟಿ ಮಾಡಿದರು. ಆರೂ ಪಾಸು. ನಾಲ್ಕನೆಯದೂ ಪಾಸು. ಹತ್ತು ಸಲ ತಡೆದದ್ದು ಮುಂದೂ ತಡೆಯುತ್ತದೆ, ಅಲ್ಲವೇ? ಇವತ್ತು ಆರನ್ನೂ ತೆಗೆದುಕೊಂಡು ಹೋದರು, ಕೋಣೆ ಬಿಕೋ ಎನ್ನುತ್ತಿದೆ.

ಮೊನ್ನೆ ತೂಕದಕ್ಕ ಹೊಸ ಹುಡುಗಿಯೊಬ್ಬಳಿಗೆ ಪಾಠ ಹೇಳುತ್ತಿದ್ದರು. ನಾನು ಪಕ್ಕದಲ್ಲೇ ಬಟ್ಟಲು ಒರೆಸುತ್ತಿದ್ದೆ. ಅದಿರಲಿ.

ಚಮಚದ ವಿಷಯ ಬರೆದಿದ್ದೆನಲ್ಲ, ಅಲ್ಲಿ ಯಾರ ಹತ್ತಿರವೂ ಆಡಬೇಡ. ನಗುತ್ತಾರೆ. ನೀನು ಕಾಗದಗಳನ್ನು ಎತ್ತಿಟ್ಟುಕೊಳ್ಳುತ್ತೀಯಾ, ಓದಿ ಬಿಸಾಡುತ್ತೀಯಾ? ಸುಮ್ಮನೆ ಕೇಳಿದೆ. ಅಮ್ಮನ ಮೊಣಕಾಲು ನೋವು ಹಾಗೇ ಇದೆ.

ನಿನ್ನ ತಂಗಿ


ಏಪ್ರಿಲ್ 2

ಪುಟ್ಟಿ,

ಉಪಗ್ರಹ ಮೇಲಿದೆ, ಹನ್ನೊಂದು ದಿನವಾಯಿತು. ಬಿಸಿಲಿಗೆ ಬಂದಾಗ ಅದರ ಹೊರಮೈ ಅರವತ್ತಕ್ಕೆ ಏರುತ್ತದೆ, ನೆರಳಿಗೆ ಹೋದರೆ ಸೊನ್ನೆಗಿಂತ ಕೆಳಗೆ ಬೀಳುತ್ತದೆ. ದಿನಕ್ಕೆ ಹದಿನೈದು ಸಲ ಇದೇ ಪಾಡು. ನಿಮ್ಮ ಮೇಣ ಮಾತ್ರ ಕರಗುವಾಗಲೂ ಇಪ್ಪತ್ತೆಂಟು, ಗಟ್ಟಿಯಾಗುವಾಗಲೂ ಇಪ್ಪತ್ತೆಂಟು. ತೆರೆಯ ಮೇಲೆ ಆರು ಗೆರೆಗಳು ಮಲಗಿದ ಎಮ್ಮೆಗಳ ಹಾಗೆ ಕದಲದೆ ಬಿದ್ದಿವೆ.

ನಮ್ಮ ಎಂಜಿನಿಯರು ವಯಸ್ಸಾದವರು, ಎಲ್ಲರೂ ತಾತ ಎನ್ನುತ್ತೇವೆ. ಮೇಣ ಕರಗಿದಾಗ ಉಬ್ಬುತ್ತದೆ, ಅದಕ್ಕೇ ಪೆಟ್ಟಿಗೆಯಲ್ಲಿ ಖಾಲಿ ಜಾಗ ಬಿಟ್ಟಿರುತ್ತಾರೆ ಎಂದು ಮೊನ್ನೆ ಚಹಾ ಕುಡಿಯುತ್ತ ಹೇಳಿದರು. “ಜಾಗ ಇಲ್ದಿದ್ರೆ ಲೋಹ ಒಂದು ಸಲಕ್ಕೆ ಒಡೆಯಲ್ಲ ಕಣೋ. ತಂತೀನ ಹಿಂದೆ ಮುಂದೆ ಬಗ್ಗಿಸಿದ್ರೆ ಮುರಿಯಲ್ವಾ, ಹಂಗೆ ದಣಿದು ಒಡೆಯುತ್ತೆ.” ನಿಮ್ಮಲ್ಲಿ ಇದೆಲ್ಲ ಗೊತ್ತೇ ಇರುತ್ತದೆ. ಸುಮ್ಮನೆ ಬರೆದೆ.

ಕಾಗದದ ವಿಷಯ ನೀನು ಕೇಳಿದ್ದೆ. ಫೆಬ್ರವರಿಯದರ ಮೇಲೆ ಬಕೆಟ್ಟಿನ ನೀರು ಚೆಲ್ಲಿ ಮುದ್ದೆಯಾಯಿತು, ಬಿಸಾಡಿದೆ. ಅದರಲ್ಲಿ ಏನಿತ್ತೆಂಬುದೂ ಈಗ ನೆನಪಿಲ್ಲ.

ಅಣ್ಣ


ಏಪ್ರಿಲ್ 15

ಅಣ್ಣ,

ಮೂರು ಸಲ ಓದಿದ ಕಾಗದದಲ್ಲಿ ಏನಿತ್ತೆಂಬುದು ಒಂದೂವರೆ ತಿಂಗಳಿಗೆ ಮರೆತು ಹೋಯಿತೇ? ಇರಲಿ. ನನ್ನ ಅಕ್ಷರ ಕೋಳಿ ಕೆದಕಿದ ಹಾಗಿರುತ್ತದೆ, ಎತ್ತಿಟ್ಟುಕೊಳ್ಳುವಂಥದ್ದಲ್ಲ. ನಿನ್ನವನ್ನೆಲ್ಲ ನಾನು ಅಮ್ಮನ ಟ್ರಂಕಿನಲ್ಲಿ ಇಟ್ಟಿದ್ದೇನೆ ಎಂದು ಮಾತ್ರ ಹೇಳುತ್ತೇನೆ.

ಖಾಲಿ ಜಾಗದ ವಿಷಯ ನಮಗೆ ಗೊತ್ತು.

ಅಮ್ಮನಿಗೆ ಇಪ್ಪತ್ತೆಂಟನ್ನು ಓದಿ ಹೇಳಿದೆ. “ಅಂದ್ರೆ ನನ್ನ ಮಗ ಆಕಾಶಕ್ಕೆ ಜ್ವರ ನೋಡೋ ಡಾಕ್ಟ್ರು” ಎಂದು ಪಕ್ಕದ ಮನೆಯವಳಿಗೆ ಕೇಳುವ ಹಾಗೆ ಕೂಗಿದಳು. ಈಗ ಬೀದಿಯಲ್ಲಿ ನೀನು ಡಾಕ್ಟರು.

ಒಂದು ಉಪಕಾರ ಮಾಡು ಅಣ್ಣ. ಪ್ರತಿ ಕಾಗದದಲ್ಲೂ ನಾಲ್ಕನೆಯದರ ಅಂಕಿ ಬರಿ, ಬೇರೇನೂ ಬರೆಯದಿದ್ದರೂ ಸರಿ. ಇಪ್ಪತ್ತೆಂಟು ಇರುವವರೆಗೆ ನಾನು ಉಸಿರಾಡುತ್ತೇನೆ. ಒಂದೇ ಒಂದು ಡಿಗ್ರಿ ಏರಿದರೂ ಮುಚ್ಚಿಡದೆ ತಿಳಿಸು. ಆಗ ನಾನು ಮಾಡಬೇಕಾದ ಒಂದು ಕೆಲಸವಿದೆ.

ನಿನ್ನ ತಂಗಿ


ಮೇ 3

ಪುಟ್ಟಿ,

ನಾಲ್ಕನೆಯದು ಇಪ್ಪತ್ತೆಂಟು. ಇವತ್ತೂ, ನಿನ್ನೆಯೂ, ಮೊನ್ನೆಯೂ.

ಇಲ್ಲಿ ಒಂದು ತಮಾಷೆ. ಆಂಟೆನಾದ ಬಟ್ಟಲಿನಲ್ಲಿ ಪಾರಿವಾಳ ಗೂಡು ಕಟ್ಟಿತು. ಗೂಡು ತೆಗೆಯಲು ಅಡುಗೆಯವನನ್ನು ಹತ್ತಿಸಿದೆವು. ಅವನು ಮೇಲಿನಿಂದ “ಮೊಟ್ಟೆ ಇದೆ, ತೆಗೆಯಲ್ಲ, ನನ್ನ ಹೆಂಡ್ತಿ ಬಸುರಿ” ಎಂದು ಕೂತುಬಿಟ್ಟ. ತಾತ ಕೆಳಗಿನಿಂದ “ಮೊಟ್ಟೆ ಒಡೆಯೋದೇ ನಿನ್ನ ಕೆಲ್ಸ ಅಲ್ವೇನೋ” ಎಂದರು. ಎಲ್ಲರೂ ನಕ್ಕೆವು. ನಾನೂ ನಕ್ಕೆ. ಮಧ್ಯಾಹ್ನ ಸೆಕೆ ಜಾಸ್ತಿ. ಇಲ್ಲಿನ ನೀರು ಸವಳು, ಕೂದಲು ಉದುರುತ್ತಿದೆ. ನೀನು ಹೊತ್ತಿಗೆ ಸರಿಯಾಗಿ ಊಟ ಮಾಡು. ಅಮ್ಮನ ಹತ್ತಿರವೇ ಮಲಗು. ಒಬ್ಬಳೇ ಎಲ್ಲೂ ಹೋಗಬೇಡ. ಹೋದರೂ ಹೇಳಿ ಹೋಗು.

ಅಣ್ಣ


ಮೇ 19

ಪುಟ್ಟಿ,

ಇಪ್ಪತ್ತೆಂಟು.

ವ್ಯಾನು ನಿಂತಿದೆ, ಹೆಚ್ಚು ಬರೆಯಲಾರೆ.

ಅಣ್ಣ


ಮೇ 27

ಅಣ್ಣ,

ನಿನ್ನೆರಡು ಕಾಗದಗಳೂ ಒಂದೇ ದಿನ ಬಂದವು. ಎರಡರಲ್ಲೂ ಇಪ್ಪತ್ತೆಂಟು! ಮೇ ಹತ್ತೊಂಬತ್ತರ ಕಾಗದದಲ್ಲಿ ಆ ಅಂಕಿಯ ಮೇಲೆ ಎರಡೆರಡು ಸಲ ತಿದ್ದಿ ದಪ್ಪ ಮಾಡಿದ್ದೀಯ, ಹಾಳೆ ತೂತಾಗುವಷ್ಟು. ನನಗೆ ಧೈರ್ಯ ಬರಲೆಂದು ಹಾಗೆ ಬರೆದೆಯಲ್ಲವೇ? ಬಂತು. ಎಷ್ಟೋ ವಾರಗಳ ನಂತರ ಬೆಳಗಾಗುವವರೆಗೂ ನಿದ್ದೆ ಮಾಡಿದೆ. ಅಮ್ಮ ಎಬ್ಬಿಸಿ, “ಏನೇ, ಮದುವೆ ಕನಸಾ?” ಎಂದಳು.

ಈಗ ಹೇಳಬಹುದು. ನನಗೊಂದು ಹೆದರಿಕೆಯಿತ್ತು, ಹೋಯಿತು. ಇಷ್ಟು ದಿನ ತಡೆದದ್ದು ಇನ್ನು ಒಡೆಯುವುದಿಲ್ಲ. ಮುಂದಿನ ಪೆಟ್ಟಿಗೆಗಳಿಗೆ ತೂಕದಕ್ಕ ನನ್ನನ್ನೇ ಮೊದಲು ಆರಿಸಿದ್ದಾರೆ. ಒಂದು ದಿನ ಅವರ ಹತ್ತಿರ ಹೋಗಿ ಒಂದು ಮಾತು ಹೇಳಬೇಕೆಂದಿದ್ದೆ. ಬಾಗಿಲವರೆಗೂ ಎರಡು ಸಲ ಹೋಗಿದ್ದೆ. ಇನ್ನು ಬೇಕಿಲ್ಲ ಅನ್ನಿಸುತ್ತದೆ.

ನಿನ್ನ ತಂಗಿ


ಜೂನ್ 11

ಅಣ್ಣ,

ಇದು ನಿಜವೇ? ಉಪಗ್ರಹ ಐದು ದಿನದಿಂದ ಮಾತಾಡುತ್ತಿಲ್ಲ ಎಂದು ಇವತ್ತು ಬೆಳಿಗ್ಗೆ ಎಲ್ಲರನ್ನೂ ನಿಲ್ಲಿಸಿ ಹೇಳಿದರು. ಬ್ಯಾಟರಿ ಬೆಂದುಹೋಗಿದೆಯಂತೆ. ಮೇಣದ ಪೆಟ್ಟಿಗೆಗಳ ಅಂಕಿ ಕೊನೆಯವರೆಗೂ ಸರಿಯಿತ್ತು, ಹಾಗಾಗಿ ತಪ್ಪು ನಮ್ಮದಲ್ಲ ಎಂದು ಹುಡುಗಿಯರು ಒಬ್ಬರ ಕೈ ಒಬ್ಬರು ಹಿಡಿದುಕೊಂಡರು. ತೂಕದಕ್ಕ ಮಾತ್ರ ತಕ್ಕಡಿಯ ಮುಂದೆ ಕೂತು, ತಮ್ಮಷ್ಟಕ್ಕೆ ತಾವೇ, “ಇಪ್ಪತ್ತೆಂಟಿದ್ರೆ ಬ್ಯಾಟರಿ ಹೆಂಗೆ ಬೇಯುತ್ತೆ?” ಎಂದರು. ಆಮೇಲೆ, “ಒಂದು ಪೆಟ್ಟಿಗೆ ಹೋಗ್ತಿದೆ ಅಂತ ಮೊದ್ಲೇ ಗೊತ್ತಾಗಿದ್ರೆ ಆ ಕಣ್ಣನ್ನ ಅರ್ಧ ಹೊತ್ತು ಮುಚ್ಚಿಡ್ತಿದ್ರು. ವರ್ಷಗಟ್ಟಲೆ ಬದುಕ್ತಿತ್ತು” ಎಂದರು.

ನಾನು ಬಟ್ಟಲು ಕೆಳಗಿಟ್ಟೆ.

ನೀನು ನನಗೆ ಸುಳ್ಳು ಬರೆಯುವವನಲ್ಲ. ಅಂಕಿ ಇಪ್ಪತ್ತೆಂಟೇ ಇತ್ತಲ್ಲವೇ ಅಣ್ಣ? ಬೇಗ ಬರಿ.

ನಿನ್ನ ತಂಗಿ


ಜೂನ್ 24

ತಂಗಿಗೆ,

ಇನ್ನು ಇಲ್ಲಿಂದ ಹೋಗುವ ಕಾಗದಗಳನ್ನು ತನಿಖೆಯವರು ಓದಿ ಕಳಿಸುತ್ತಾರೆ. ನೀನೂ ಗೊತ್ತಿಟ್ಟುಕೋ.

ನಡೆದದ್ದು ಇಷ್ಟು. ಏಪ್ರಿಲ್ ಕೊನೆಯಿಂದ ನಾನು ಪಾಳಿಯಲ್ಲಿ ಮಲಗುತ್ತಿದ್ದೆ. ತೆರೆ ನೋಡದೆ ರಿಜಿಸ್ಟರಿನಲ್ಲಿ ಹಿಂದಿನ ದಿನದ ಅಂಕಿಯನ್ನೇ ಇಳಿಸುತ್ತಿದ್ದೆ. ಸೋಮಾರಿತನ, ಬೇರೇನಿಲ್ಲ. ತನಿಖೆಯವರಿಗೆ ಹಾಗೇ ಬರೆದುಕೊಟ್ಟಿದ್ದೇನೆ. ತಾತ ನನ್ನ ಮುಖ ನೋಡುತ್ತಿಲ್ಲ. ಅಡುಗೆಯವನು ಮಾತ್ರ ಊಟ ತಂದು ಬಾಗಿಲಲ್ಲಿಟ್ಟು, “ಏಳಪ್ಪ ಕುಂಭಕರ್ಣ” ಎನ್ನುತ್ತಾನೆ. ನಗಿಸಲು ಹೇಳುತ್ತಾನೋ, ಚುಚ್ಚಲು ಹೇಳುತ್ತಾನೋ ಗೊತ್ತಾಗುವುದಿಲ್ಲ.

ಯಾವ ಪೆಟ್ಟಿಗೆ ಮೊದಲು ಕೆಟ್ಟಿತು, ಕೆಟ್ಟಿತೋ ಇಲ್ಲವೋ, ಇನ್ನು ಯಾರಿಗೂ ತಿಳಿಯುವುದಿಲ್ಲ. ಅಂಕಿಗಳೇ ಇಲ್ಲ. ನಿಮ್ಮ ಕೋಣೆಯವರನ್ನು ಯಾರೂ ಏನೂ ಕೇಳುವ ಹಾಗಿಲ್ಲ.

ಒಂದು ಮಾತು. ನೀನು ಮಾಡಬೇಕಾದ ಕೆಲಸವೊಂದಿದೆ ಎಂದು ಏಪ್ರಿಲಿನಲ್ಲಿ ನೀನೇ ಬರೆದಿದ್ದೆ. ಆ ಕೆಲಸ ಮಾಡಬೇಡ. ಅಪ್ಪನನ್ನು ಹೊತ್ತ ಹೆಗಲು ಇದು, ಇನ್ನೊಂದು ಹೆಣ ಹೊರಲಾರದು. ಆ ಸಾಲು ಓದಿದ ಮೇಲೆ ನಾನು ಒಂದು ದಿನವೂ ಕಣ್ಣು ಮುಚ್ಚಿಲ್ಲ.

ಅಣ್ಣ


ಜುಲೈ 12

ಅಣ್ಣ,

ಒಂದು ದಿನವೂ ಕಣ್ಣು ಮುಚ್ಚದವನು ಪಾಳಿಯಲ್ಲಿ ಹೇಗೆ ಮಲಗಿದೆ?

ಈ ಕಾಗದವನ್ನೂ ಯಾರಾದರೂ ಓದಲಿ. ಓದಲೆಂದೇ ಬರೆಯುತ್ತಿದ್ದೇನೆ. ನಾಲ್ಕನೇ ಪೆಟ್ಟಿಗೆಗೆ ತೂಗಿದ ಮೇಲೆ ಎರಡು ಚಮಚ ಮೇಣ ಹುಯ್ದವಳು ನಾನು. ಖಾಲಿ ಬಿಟ್ಟ ಜಾಗವನ್ನು ಮುಚ್ಚಿದವಳು ನಾನು. ಅದು ತಪ್ಪೆಂದು ತಿಳಿದದ್ದು ಮಾರ್ಚಿನಲ್ಲಿ, ತೂಕದಕ್ಕ ಆ ಹೊಸ ಹುಡುಗಿಗೆ “ಕುಳಿ ಕಂಡ್ರೆ ಮುಟ್ಬೇಡ. ಅದು ಮೇಣ ಉಸಿರಾಡೋ ಜಾಗ” ಎಂದಾಗ. ಪೆಟ್ಟಿಗೆ ಆಗ ಇನ್ನೂ ಇದೇ ಕಟ್ಟಡದಲ್ಲಿತ್ತು. ಬಾಯಿ ತೆರೆಯಬಹುದಿತ್ತು, ತೆರೆಯಲಿಲ್ಲ.

ನೀನು ಅಂದುಕೊಂಡ ಕೆಲಸ ಅದಲ್ಲ ಅಣ್ಣ. ಸಾಯುವ ಮಾತು ನನ್ನ ಮನಸ್ಸಿನಲ್ಲಿರಲಿಲ್ಲ. ಅಂಕಿ ಒಂದು ಡಿಗ್ರಿ ಏರಿದ ದಿನ ತೂಕದಕ್ಕನ ಬಳಿ ಹೋಗಿ ತಪ್ಪೊಪ್ಪಿಕೊಳ್ಳುವುದೆಂದು ನಿರ್ಧರಿಸಿದ್ದೆ. ಅಷ್ಟೇ. ಅದನ್ನು ಬಿಡಿಸಿ ಬರೆಯಲು ನಾಚಿಕೆಯಾಯಿತು. ನೀನು ಇಪ್ಪತ್ತೆಂಟು ಬರೆದೆ, ನಾನು ಬಾಗಿಲಿನಿಂದ ವಾಪಸು ಬಂದೆ. ನೀನು ಮತ್ತೆ ಇಪ್ಪತ್ತೆಂಟು ಬರೆದೆ, ನಾನು ಹೊದ್ದು ಮಲಗಿದೆ.

ಕಳೆದ ವಾರ, ಸಮುದ್ರ ನೋಡುವ ಆ ಕಣ್ಣಿಲ್ಲದೆ, ಬಿರುಗಾಳಿಯ ಸುದ್ದಿ ಬಂದರಿಗೆ ಒಂದು ದಿನ ತಡವಾಗಿ ಹೋಯಿತು. ಮೂರು ದೋಣಿಗಳು ತಿರುಗಿ ಬಂದಿಲ್ಲ. ಕ್ಯಾಂಟೀನಿನ ಟಿವಿಯಲ್ಲಿ ದಡದಲ್ಲಿ ಕೂತ ಹೆಂಗಸರನ್ನು ತೋರಿಸಿದರು. ಎದ್ದು ನೇರ, ನಮ್ಮಲ್ಲಿಗೂ ಬಂದಿರುವ ತನಿಖೆಯ ಸಾಹೇಬರ ಕೋಣೆಗೆ ಹೋದೆ. ಈ ಸಲ ಬಾಗಿಲಲ್ಲಿ ನಿಲ್ಲಲಿಲ್ಲ.

ಅವರು ಚೀಟಿ ತರಿಸಿ ನೋಡಿದರು. “ತೂಕ ಸರಿ ಇದೆ. ನಿಮ್ಮ ಹೆಬ್ಬೆಟ್ಟಿದೆ, ಮೇಲ್ವಿಚಾರಕಿ ಸಹಿ ಇದೆ.”

“ತೂಗಿದ ಮೇಲೆ ಹುಯ್ದೆ ಸಾರ್. ಮುಚ್ಚಳ ಬೆಸೆದ ಮೇಲೆ ಒಳಗಿನ ಮೇಣನ ಯಾರೂ ಬೇರೆ ಮಾಡಿ ತೂಗಲ್ಲ.”

“ಯಾರಾದ್ರೂ ನೋಡಿದ್ರಾ?”

“ಇಲ್ಲ.”

“ಯಾರಿಗಾದ್ರೂ ಹೇಳಿದ್ರಾ?”

“ಅಣ್ಣನಿಗೆ ಬರೆದಿದ್ದೆ.”

“ಎಲ್ಲಿ ಆ ಕಾಗದ?”

ನೀರು ಬಿದ್ದು ಹಾಳಾಯಿತಂತೆ ಎಂದೆ. ಹೇಳುವಾಗಲೇ ನನಗೆ ಹೊಳೆಯಿತು, ಅದರ ಮೇಲೆ ನೀರು ಬಿದ್ದಿರಲಿಲ್ಲ. ಅಕ್ಷರ ಚೆನ್ನಾಗಿಲ್ಲವೆಂದು ನೀನು ಎಸೆದೆ ಅಂದುಕೊಂಡು ಒಂದು ದಿನ ಅತ್ತಿದ್ದೆ ಅಣ್ಣ. ಅದನ್ನು ಸುಟ್ಟೆಯಾ, ಹರಿದೆಯಾ?

ಸಾಹೇಬರು ಪೆನ್ನಿಗೆ ಮುಚ್ಚಳ ಹಾಕಿದರು. ಕೆಟ್ಟವರಲ್ಲ. “ನನಗೂ ತಂಗಿ ಇದಾಳಮ್ಮ. ಅವ್ಳೂ ಹಿಂಗೇ ಮಾಡ್ತಿದ್ಳು. ಅಣ್ಣನ್ನ ಉಳ್ಸೋಕೆ ಕಥೆ ಕಟ್ಬೇಡಿ, ಹೋಗಿ ಕೆಲ್ಸ ನೋಡ್ಕೊಳಿ” ಎಂದರು. ತೂಕದಕ್ಕನ ಬಳಿ ಓಡಿದೆ. ಅವರು “ನಿನ್ನ ಕೈ ನಾನು ನೋಡಿಲ್ವಾ? ನೀನು ಅಂಥ ತಪ್ಪು ಮಾಡೋಳಲ್ಲ” ಎಂದು ತಲೆ ಸವರಿದರು. ಅದಕ್ಕಿಂತ ಒಂದು ಏಟು ಹೊಡೆದಿದ್ದರೆ ಚೆನ್ನಾಗಿತ್ತು.

ಈಗ ಹೊಸ ಹುಡುಗಿಯರಿಗೆ ನಾನೇ ಕಲಿಸಬೇಕಂತೆ. ಕುಳಿ ಬಿಡುವುದನ್ನು.

ಬೀದಿಯಲ್ಲಿ ನಿನ್ನ ಹೆಸರು ಡಾಕ್ಟರಿನಿಂದ ಕುಂಭಕರ್ಣನಿಗೆ ಇಳಿದಿದೆ. ಅಮ್ಮ ಕಿಟಕಿ ಮುಚ್ಚಿಕೊಂಡು ಕೂರುತ್ತಾಳೆ. “ನನ್ನ ಮಗ ಚಿಕ್ಕಂದಿನಿಂದ ನಿದ್ದೆಗೆಟ್ಟು ಬೆಳೆದವನು. ಅವನು ಮಲಗಿದ್ದ ಅಂದ್ರೆ ನಾನು ನಂಬಲ್ಲ” ಎಂದು ಗೋಡೆಗೆ ಹೇಳುತ್ತಾಳೆ. ಸತ್ಯ ನನ್ನ ಬಾಯಲ್ಲಿದೆ. ಹೇಳಿದರೆ ಅವಳೂ ಸಾಹೇಬರ ಹಾಗೆಯೇ ನನ್ನ ತಲೆ ಸವರುತ್ತಾಳೆ ಎಂದು ಹೆದರಿಕೆ.

ನಿಜವಾದ ಅಂಕಿಗಳು ನಿನಗೆ ನೆನಪಿವೆ. ಚಿಕ್ಕಂದಿನಲ್ಲಿ ಅಪ್ಪನ ಗಿರಾಕಿಗಳ ಲೆಕ್ಕವನ್ನೆಲ್ಲ ಬಾಯಲ್ಲೇ ಹೇಳುತ್ತಿದ್ದವನು ನೀನು. ಯಾವ ದಿನ ಇಪ್ಪತ್ತೊಂಬತ್ತು, ಯಾವ ದಿನ ಮೂವತ್ತೈದು, ಕೊನೆಯ ದಿನ ಎಷ್ಟು, ಬರೆದು ಕಳಿಸು. ಬೇರೆ ಐದು ನಿಂತು ನಾಲ್ಕನೆಯದು ಮಾತ್ರ ಏರಿದ್ದನ್ನು ಕಂಡರೆ ಅವರು ನಂಬುತ್ತಾರೆ. ನೀನು ಎಚ್ಚರವಾಗಿದ್ದೆ ಎಂಬುದಾದರೂ ಗೊತ್ತಾಗುತ್ತದೆ. ಶಿಕ್ಷೆ ಇಬ್ಬರಿಗೂ ಆಗಲಿ. ನನ್ನ ಪಾಲನ್ನು ನನಗೆ ಕೊಡು ಅಣ್ಣ. ನಿನ್ನ ಕಾಲು ಹಿಡಿದುಕೊಳ್ಳುತ್ತೇನೆ.

ನಿನ್ನ ತಂಗಿ


ಆಗಸ್ಟ್ 1

ಪುಟ್ಟಿ,

ಈ ಕಾಗದವನ್ನು ಯಾರೂ ತೆರೆಯುವುದಿಲ್ಲ. ನಿನ್ನೆ ನನ್ನನ್ನು ಕೆಲಸದಿಂದ ತೆಗೆದು ಗೇಟಿನ ಹೊರಗೆ ಬಿಟ್ಟರು. ಫೋನು ವಾಪಸು ಕೊಟ್ಟರು. ಇನ್ನೂ ಆನ್ ಮಾಡಿಲ್ಲ, ನಿನ್ನ ದನಿ ಕೇಳಿದರೆ ಏನು ಹೇಳಿಬಿಡುತ್ತೇನೋ. ಬಸ್ ನಿಲ್ದಾಣದ ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ. ಯಾವ ಬಸ್ಸು ಹತ್ತಬೇಕೆಂದು ಇನ್ನೂ ತಿಳಿದಿಲ್ಲ. ಮನೆಗಂತೂ ಈಗ ಬರಲಾರೆ. ಅಮ್ಮನಿಗೆ ಕಿಟಕಿ ತೆರೆಯಲು ಹೇಳು, ಒಳಗೇ ಕೂತಿದ್ದರೆ ಮೊಣಕಾಲು ಇನ್ನೂ ಹಿಡಿದುಕೊಳ್ಳುತ್ತದೆ.

ನೀನು ಕೇಳಿದ ಅಂಕಿ ನೆನಪಿದೆ. ಮೇ ಒಂದರಿಂದ ಕೊನೆಯ ದಿನದವರೆಗೆ, ನಾಲ್ಕನೇ ಪೆಟ್ಟಿಗೆ, ದಿನವೂ ಇಪ್ಪತ್ತೆಂಟು.

ಅಣ್ಣ